18 ಮೊಳದ ಇಳಕಲ್ ಸೀರೆ, ಹಳೇ ಜೀನ್ಸು, ಎರಡು ಲಂಗ: ಒಂದು ಪ್ರಕರಣ

ಗಿರಾಕಿ ಧಾರವಾಡದವರು. ಆಫೀಸಿಗೆ ಹೋಗುವವರು, ಐದು ವರ್ಷದ ಮಗಳಿದ್ದಾಳೆ. ಅವರು ನನ್ನ ಹೊಲಿಗೆ ಮಿಷನ್ ಮುಂದೆ ತಂದಿಟ್ಟದ್ದು ಅಜ್ಜಿಯ ಒಂದು ಇಳಕಲ್ ಸೀರೆ, ಮೂರು ಹಳೇ ಒಳಲಂಗ, ಜೊತೆಗೊಂದು ಮೈಸೂರು ಸಿಲ್ಕ್. ಕೇಳಿದ್ದು ಎರಡು ಉಡುಪು. ತಮಗೆ ನೆಲ ಮುಟ್ಟುವಂಥ ಎಂಟು ಕಲಿಯ (ಎಂಟು ಓರೆ ಪಟ್ಟಿ ಜೋಡಿಸಿದ) ಅಂಬ್ರೆಲಾ ಸ್ಕರ್ಟು, ಮಗಳಿಗೆ ಅದೇ ಸೀರೆಯಲ್ಲಿ ಪರಕಾರ, ಅಂದರೆ ಮಕ್ಕಳ ಉದ್ದ ಲಂಗ. ಮೈಸೂರು ಸಿಲ್ಕಿನ ಬಗ್ಗೆ ಅವರಿಗೇ ತೀರ್ಮಾನ ಇರಲಿಲ್ಲ, 'ನೋಡಿ ಹೇಳ್ರಿ' ಅಂದರು.

ಹಳೇ ಸೀರೆಯಿಂದ ಲಂಗ ಹೊಲಿಯುವುದು ನಮ್ಮಲ್ಲಿ ಹೊಸದೇನಲ್ಲ. ಅಮ್ಮನ ಸೀರೆ ಮಗಳ ಪರಕಾರ ಆಗುವುದು, ಪರಕಾರ ಹರಿದ ಮೇಲೆ ಕೌದಿಗೆ ಸೇರುವುದು ಬಹಳ ಮನೆಗಳಲ್ಲಿ ನಡೆದುಬಂದದ್ದೇ. ಸ್ಟೀಲ್ ಪಾತ್ರೆ ಕೊಟ್ಟು ಹಳೇ ಸೀರೆ ಒಯ್ಯುವವರ ಕೈಗೆ ಹೋಗದೆ ಉಳಿದದ್ದು ಹೀಗೇ ತಿರುಗುತ್ತಿತ್ತು. ಆದರೆ ಈಗ ಬರುವ ಗಿರಾಕಿಗಳು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿ 'ಹಿಂಗs ಬೇಕು' ಅನ್ನುತ್ತಾರೆ. ಆ ಚಿತ್ರದಲ್ಲಿರುವುದು ಹೊಸ ಬಟ್ಟೆ. ಅಂಗಡಿಯಿಂದ ತಂದ ಹೊಸ ಬಟ್ಟೆ ಈ ತುದಿಯಿಂದ ಆ ತುದಿವರೆಗೆ ಒಂದೇ ಗಟ್ಟಿ. ಹಳೇ ಬಟ್ಟೆ ಹಾಗಲ್ಲ. ಒಂದು ಗೇಣು ಉಕ್ಕಿನ ಹಾಗೆ ಇದ್ದರೆ ಪಕ್ಕದ ಗೇಣು ಬೆರಳು ತಾಗಿದರೆ ಬಿಡುತ್ತದೆ. ಹಾಗಾಗಿ ಡಿಸೈನು ಮೊದಲು, ಬಟ್ಟೆ ಆಮೇಲೆ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಪ್ರಕರಣದಲ್ಲಿ ಗಿರಾಕಿ ಕೇಳಿದ ಸ್ಕರ್ಟು ಯಾಕೆ ಆಗಲಿಲ್ಲ, ಅದರ ಬದಲು ಏನಾಯಿತು ಅನ್ನುವುದನ್ನು ಪೂರ್ತಿ ಬರೆಯುತ್ತಿದ್ದೇನೆ.

ಸೀರೆ

18 ಮೊಳ ಅಂದರೆ 9 ಗಜ, 324 ಇಂಚು. ವರ್ಷಗಟ್ಟಲೆ ಒಗೆಸಿಕೊಂಡ ಈ ಸೀರೆ ಅಳೆದಾಗ 320 ಇಂಚು ಬಂತು. ಅಗಲ 46 ಇಂಚು. ಒಡಲು ಕಡುನೀಲಿ ಹತ್ತಿ. ಎರಡೂ ಕಡೆ ಒಂದೇ ಥರದ ಕೆಂಪು ಅಂಚು. ಸೆರಗು ಕೆಂಪು, ಅದರಲ್ಲಿ ಬಿಳಿಯ ತೋಪ ತೆನಿ ವಿನ್ಯಾಸ. ಅಂಚು, ಸೆರಗು ಎರಡೂ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ).

ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಸೀರೆಗೆ ಒಂದು ವಿಶೇಷ ಉಂಟು. ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಕಟ್ಟುವ ನೂಲು) ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎರಡನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಜೋಡಿಸಿ, ಆಮೇಲೆ ನೇಯ್ಗೆ ಮುಂದುವರಿಸುತ್ತಾರೆ. ನೋಡುವವರಿಗೆ ಅದು ಬಣ್ಣ ಬದಲಾಗುವ ಗೆರೆ ಅಷ್ಟೇ. ಕತ್ತರಿ ಹಿಡಿದವರಿಗೆ ಅದು ಜೋಡಣೆ. ಆ ಗೆರೆಯನ್ನು ಸೊಂಟದ ಹತ್ತಿರವೋ ಹಿಂಬದಿಯಲ್ಲೋ ತಂದು ಕೂರಿಸಿದರೆ ಪ್ರತಿ ಸಲ ಕೂತಾಗ ಕುಣಿಕೆಗಳ ಮೇಲೆ ಎಳೆತ ಬೀಳುತ್ತದೆ. ಹಾಗಾಗಿ ಸೆರಗನ್ನು ಸ್ಕರ್ಟಿಗೆ ಬಳಸಬಾರದು ಅಂತ ಶುರುವಿನಲ್ಲೇ ಪಕ್ಕಾ ಮಾಡಿಕೊಂಡೆ. ಜೋಡಣೆಯಿಂದ ನಾಲ್ಕಾರು ಇಂಚು ಒಡಲನ್ನೂ ಸೇರಿಸಿಯೇ ಅದನ್ನು ಬೇರೆ ಮಾಡಿ, ಅಂಚು ಮಡಿಸಿ ಹೊಲಿದು ಕೊಟ್ಟೆ. ಅವರು ಅದನ್ನು ಈಗ ದುಪಟ್ಟಾದ ಹಾಗೆ ಹಾಕಿಕೊಳ್ಳುತ್ತಾರೆ.

ಮೊದಲು ನೀರು. ಕತ್ತರಿಸುವ ಮುಂಚೆ ಒಗೆಯದೆ ಹಳೇ ಬಟ್ಟೆಯನ್ನು ನಂಬಬಾರದು. ಗಂಜಿ, ಧೂಳು, ಟ್ರಂಕಿನ ವಾಸನೆ ಎಲ್ಲ ಹೋದ ಮೇಲೆಯೇ ನಿಜವಾದ ಬಟ್ಟೆ ಕಾಣುವುದು. ಆದರೆ ಇಳಕಲ್ಲನ್ನು ಬಕೆಟ್ಟಿಗೆ ಹಾಕಿ ಕುಕ್ಕುವ ಹಾಗಿಲ್ಲ. ಹತ್ತಿ ನೂಲು ನೆಂದರೆ ಇನ್ನೂ ಗಟ್ಟಿಯಾಗುತ್ತದೆ. ಆರ್ಟ್ ಸಿಲ್ಕ್ ಅಂದರೆ ರೇಯಾನ್, ಅದು ಉಲ್ಟಾ. ನೆಂದಾಗ ಅದರ ಬಲ ಅರ್ಧದ ಹತ್ತಿರ ಇಳಿಯುತ್ತದೆ. ಒಂದೇ ಸೀರೆಯಲ್ಲಿ ಎರಡೂ ಇವೆ. ಅಗಲವಾದ ಟಬ್ಬಿಗೆ ಹಳೇ ಚಾದರ ಹಾಸಿ, ಅದರ ಮೇಲೆ ಸೀರೆ ಬಿಡಿಸಿ ನೆನೆಸಿದೆ. ಎತ್ತುವಾಗ ಚಾದರವನ್ನೇ ಹಿಡಿದು ಎತ್ತಿದೆ, ಹಾಗಾಗಿ ನೀರಿನ ಭಾರ ಸೀರೆಯ ಮೇಲೆ ಬೀಳಲಿಲ್ಲ. ಹಿಂಡಲಿಲ್ಲ. ನೆರಳಲ್ಲಿ ಹಾಸಿ ಒಣಗಿಸಿದೆ.

ಬಣ್ಣ ಬಿಡುತ್ತದೆಯೇ ಅಂತ ಬಿಳಿ ಬಟ್ಟೆ ಒದ್ದೆ ಮಾಡಿ ಅಂಚಿನ ಮೇಲೆ ಒತ್ತಿದೆ. ಕೆಂಪು ಸ್ವಲ್ಪ ಹತ್ತಿತು. ಗಿರಾಕಿ 'ಉಪ್ಪಿನ ನೀರಾಗ ಇಡೂನೇನು?' ಅಂತ ಕೇಳಿದರು. ಎಲ್ಲರೂ ಕೇಳುತ್ತಾರೆ. ಬಣ್ಣ ಹಾಕುವಾಗ ಉಪ್ಪು ಬಣ್ಣವನ್ನು ನೂಲಿಗೆ ಹತ್ತಿಸಲು ನೆರವಾಗುತ್ತದೆ ಅನ್ನುವುದು ನಿಜ. ಹಾಕಿ ಮುಗಿದ ಬಣ್ಣ ಉಪ್ಪಿನಿಂದ ನಿಲ್ಲುವುದಿಲ್ಲ. ಹಾಗಾಗಿ ಅಸ್ತರಕ್ಕೆ ಬಿಳಿ ಬಟ್ಟೆ ಬೇಡ ಅಂತಾಯಿತು. ಅವರು ತಂದ ಮೂರು ಒಳಲಂಗಗಳಲ್ಲಿ ಎರಡು ಮರೂನ್ ಬಣ್ಣದ್ದಿದ್ದವು. ಹತ್ತಿ, ಒಗೆದು ಒಗೆದು ಮೆತ್ತಗಾಗಿ, ಇನ್ನೆಷ್ಟೂ ಕುಗ್ಗದ ಬಟ್ಟೆ. ಹೊಸ ಅಸ್ತರ ತಂದಿದ್ದರೆ ಮೊದಲು ನೆನೆಸಿ ಕುಗ್ಗಿಸಬೇಕಿತ್ತು. ಹಳೇ ಬಟ್ಟೆಯ ದೊಡ್ಡ ಲಾಭ ಇದೇ ಅನ್ನಿ.

ಬೆಳಕಿಗೆ ಹಿಡಿದಾಗ

ಒಣಗಿದ ಸೀರೆಯನ್ನು ಕಿಟಕಿಗೆ ಅಡ್ಡ ಹಿಡಿದು, ಗೇಣು ಗೇಣಾಗಿ ಸರಿಸುತ್ತಾ ನೋಡಿದೆ. ತೆಳುವಾದ ಕಡೆ ಬೆಳಕು ಜಾಸ್ತಿ ಬರುತ್ತದೆ. ಅನುಮಾನ ಬಂದ ಕಡೆ ಎರಡೂ ಹೆಬ್ಬೆರಳು ಜೋಡಿಸಿ, ಹೊರಕ್ಕೆ ಮೆಲ್ಲಗೆ ಎಳೆದು ನೋಡಬೇಕು. ಗಟ್ಟಿ ಬಟ್ಟೆ ಸುಮ್ನಿರುತ್ತದೆ. ಸತ್ತ ನೂಲು ಚಿಟಿಚಿಟಿ ಅನ್ನುತ್ತದೆ.

ಕೆಳ ಅಂಚು ಹಲವು ಕಡೆ ಸವೆದು ಜೂಲು ಬಿದ್ದಿತ್ತು. ಅಜ್ಜಿಯ ಕಾಲದಲ್ಲಿ ಈ ಸೀರೆಗೆ ಫಾಲ್ ಹಚ್ಚಿರಲಿಲ್ಲ, ಹಿಮ್ಮಡಿಗೆ ಉಜ್ಜಿ ಉಜ್ಜಿ ಹೋಗಿದೆ. ಮೇಲಿನ ಅಂಚು ಸೊಂಟದಲ್ಲಿ ಸಿಕ್ಕಿಸಿಕೊಂಡೇ ಇದ್ದದ್ದರಿಂದ ಬಣ್ಣ ಕೂಡ ಮಾಸಿಲ್ಲ. ಒಳ ತುದಿಯ ಕಡೆ, ಹಿಂಬದಿಗೆ ಬರುವ ಭಾಗ ಜರಡಿಯಾಗಿತ್ತು. ಇದೆಲ್ಲ ನಿರೀಕ್ಷೆ ಇದ್ದದ್ದೇ. ತೊಂದರೆ ಬಂದದ್ದು ಮಡಿಕೆಯಿಂದ.

ಈ ಸೀರೆ ಟ್ರಂಕಿನಲ್ಲಿ ಬಹಳ ಕಾಲ ಒಂದೇ ರೀತಿ ಮಡಿಸಿ ಇಟ್ಟಿದ್ದು. ಅಗಲವನ್ನು ಮಧ್ಯಕ್ಕೆ ಒಂದು ಸಲ ಮಡಿಸಿದ್ದಾರೆ, ಉದ್ದವನ್ನು ನಾಲ್ಕು ಸಲ. ಉದ್ದ ನಾಲ್ಕು ಸಲ ಮಡಿಸಿದರೆ 16 ಪದರ, ಅಂದರೆ ಪ್ರತಿ 20 ಇಂಚಿಗೆ ಒಂದು ಅಡ್ಡ ಗೆರೆ. ಅಗಲದ ಮಡಿಕೆಯಿಂದ ಸೀರೆಯ ಉದ್ದಕ್ಕೂ, ನಟ್ಟನಡುವೆ, ಅಂಚಿನಿಂದ 23 ಇಂಚಿಗೆ ಒಂದು ಗೆರೆ. ಎಲ್ಲ ಗೆರೆಗಳಲ್ಲೂ ಬಟ್ಟೆ ಸೊರಗಿತ್ತು. ನಡುವಿನ ಗೆರೆ ಎಲ್ಲಕ್ಕಿಂತ ಕೆಟ್ಟದಾಗಿತ್ತು.

ಯಾಕೆ ಇದು ಮುಖ್ಯ? ಸೀರೆಯಿಂದ ಲಂಗ ಹೊಲಿಯುವಾಗ ಅಂಚು ಕೆಳಗೆ ಬರಬೇಕು ಅಂತ ಎಲ್ಲರಿಗೂ ಆಸೆ. ಆಗ ಸೀರೆಯ ಉದ್ದ ಮೈ ಸುತ್ತ ಬರುತ್ತದೆ, ಅಗಲ ಸೊಂಟದಿಂದ ಪಾದಕ್ಕೆ ಇಳಿಯುತ್ತದೆ. ಅಂದರೆ ಹಾಸಿನ ನೂಲು ಮೈ ಸುತ್ತ ಹೋಗುತ್ತದೆ, ಹೊಕ್ಕಿನ ನೂಲು (ಅಡ್ಡಕ್ಕೆ ನೇಯ್ದದ್ದು) ಮೇಲಿನಿಂದ ಕೆಳಕ್ಕೆ ನೇತಾಡುತ್ತದೆ. ಲಂಗದ ಪೂರ್ತಿ ಭಾರ ಹೊಕ್ಕಿನ ಮೇಲೆ. ನಡುವಿನ ಮಡಿಕೆ ಮುರಿದದ್ದು ಹೊಕ್ಕಿನ ನೂಲನ್ನೇ. 38½ ಇಂಚಿನ ಸ್ಕರ್ಟಿನಲ್ಲಿ ಆ ಗೆರೆ ಸೊಂಟದಿಂದ 15½ ಇಂಚು ಕೆಳಗೆ, ತೊಡೆಯ ಮೇಲೆ ಬರುತ್ತದೆ. ಕೆಳಗಿನ ಘೇರು (ಲಂಗದ ಹರವು), ಅಂಚಿನ ತೂಕ ಎಲ್ಲ ಆ ಒಂದು ಗೆರೆಯಿಂದ ಜೋತುಬೀಳುತ್ತದೆ. ಒಂದು ಸಲ ನೆಲದ ಮೇಲೆ ಪಂಕ್ತಿಗೆ ಕೂತು ಎದ್ದರೆ ಸಾಕು, ಅಡ್ಡಡ್ಡ ಸೀಳುತ್ತದೆ.

ಅಲ್ಲಿಗೆ ಎಂಟು ಕಲಿಯ ಸ್ಕರ್ಟು ಮುಗಿಯಿತು.

ಆಗದೆ ಹೋದ ಸ್ಕರ್ಟಿನ ಲೆಕ್ಕ

ಆದರೂ ಆ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ. ನಿಮ್ಮ ಹತ್ತಿರ ಇರುವ ಸೀರೆ ಗಟ್ಟಿ ಇದ್ದರೆ ಇದು ಉಪಯೋಗಕ್ಕೆ ಬರುತ್ತದೆ.

ಕಲಿ ಅಂದರೆ ಮೇಲೆ ಕಿರಿದು, ಕೆಳಗೆ ಅಗಲ ಇರುವ ಪಟ್ಟಿ. ಎಂಟು ಕಲಿಗೆ ಹೊಲಿಗೆಯ ಅಂಚು ಸೇರಿಸಿ ಮೇಲೆ 6½ ಇಂಚು, ಕೆಳಗೆ 14 ಇಂಚು, ಎತ್ತರ 39 ಇಂಚು ಇಟ್ಟುಕೊಂಡಿದ್ದೆ. ಎಲ್ಲ ಕಲಿಯನ್ನೂ ಒಂದೇ ದಿಕ್ಕಿಗೆ ಇಟ್ಟು ಕತ್ತರಿಸಿದರೆ 112 ಇಂಚು ಸೀರೆ ಬೇಕು. ಒಂದು ಕಲಿ ನೇರ, ಪಕ್ಕದ್ದು ತಲೆಕೆಳಗು ಇಟ್ಟರೆ ಸುಮಾರು 81 ಇಂಚು ಸಾಕು. ಸಾಮಾನ್ಯವಾಗಿ ಅಂಚಿರುವ ಬಟ್ಟೆಯಲ್ಲಿ ತಲೆಕೆಳಗು ಇಡಲು ಆಗುವುದಿಲ್ಲ, ಅರ್ಧ ಕಲಿಗಳಿಗೆ ಅಂಚೇ ಇಲ್ಲದ ಹಾಗಾಗುತ್ತದೆ. ಎರಡೂ ಕಡೆ ಒಂದೇ ಅಂಚಿರುವ ಸೀರೆಯಲ್ಲಿ ಆಗುತ್ತದೆ. ನೇರ ಇಟ್ಟದ್ದಕ್ಕೆ ಕೆಳ ಅಂಚು, ತಲೆಕೆಳಗು ಇಟ್ಟದ್ದಕ್ಕೆ ಮೇಲಿನ ಅಂಚು. ಒಂದು ಮಕ್ಕಳ ಲಂಗಕ್ಕೆ ಆಗುವಷ್ಟು ಬಟ್ಟೆ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮ. ಕಲಿಯ ಬದಿ ಓರೆ ಇರುವುದರಿಂದ ಅದು ನಡುಭಾಗಕ್ಕಿಂತ ಉದ್ದ. ಮಾಮೂಲಿ ಬಟ್ಟೆಯಲ್ಲಿ ಕೆಳ ಅಂಚನ್ನು ಸ್ವಲ್ಪ ದುಂಡಗೆ ಕತ್ತರಿಸಿ ಸರಿ ಮಾಡುತ್ತೇವೆ. ನೇಯ್ದ ಅಂಚನ್ನು ದುಂಡಗೆ ಕತ್ತರಿಸಲಾಗದು. ಎಂಟು ಕಲಿ ಇದ್ದರೆ ವ್ಯತ್ಯಾಸ ಕಾಲು ಇಂಚಿಗಿಂತ ಕಡಿಮೆ, ಯಾರಿಗೂ ಕಾಣದು. ಅದೇ ಘೇರನ್ನು ನಾಲ್ಕೇ ಕಲಿಯಲ್ಲಿ ತೆಗೆದರೆ ಹೊಲಿಗೆ ಇರುವ ಕಡೆಯೆಲ್ಲ ಅಂಚು ಮುಕ್ಕಾಲು ಇಂಚು ಜೋಲುತ್ತದೆ. ಅಂಚಿನ ಸೀರೆಗೆ ಕಲಿ ಜಾಸ್ತಿ ಇದ್ದಷ್ಟೂ ಒಳ್ಳೆಯದು.

ಬದಲು ಏನು ಮಾಡುವುದು

ಇಂಥ ಸೀರೆಗೆ ಕೆಲವರು ಹಿಂದೆ ಪೇಸ್ಟಿಂಗ್ ಹಚ್ಚಿಬಿಡುತ್ತಾರೆ. ಇಸ್ತ್ರಿ ಒತ್ತಿದರೆ ಅಂಟಿಕೊಳ್ಳುವ ಬಟ್ಟೆ. ನನಗೆ ಅದು ಸರಿ ಕಾಣುವುದಿಲ್ಲ. ಇಳಕಲ್ಲಿನ ಹತ್ತಿ ಮೈಗೆ ಹತ್ತಿಕೊಂಡು ಬೀಳುವ ಬಟ್ಟೆ, ಪೇಸ್ಟಿಂಗ್ ಹಚ್ಚಿದರೆ ರಟ್ಟು. ಅದೂ ಅಲ್ಲದೆ ಅಂಟು ಹಿಡಿದ ಭಾಗಕ್ಕೂ ಹಿಡಿಯದ ಭಾಗಕ್ಕೂ ನಡುವಿನ ಗೆರೆಯಲ್ಲಿ ಹೊಸದಾಗಿ ಹರಿಯಲು ಶುರುವಾಗುತ್ತದೆ. ಪೂರ್ತಿ ಅಸ್ತರ ಕೊಟ್ಟು ಎರಡನ್ನೂ ಒಂದೇ ಬಟ್ಟೆಯ ಹಾಗೆ ಹೊಲಿಯಬಹುದು, ಅದು ಪರವಾಗಿಲ್ಲ. ಆದರೆ ಗೆರೆ ಹಾಗೇ ಇರುತ್ತದೆ.

ನಾನು ಹಿಡಿದ ದಾರಿ ಬೇರೆ. ಎಲ್ಲಿ ಹರಿಯಲಿದೆಯೋ ಅಲ್ಲೇ ಕತ್ತರಿಸುವುದು. ನಡುವಿನ ಗೆರೆಯಲ್ಲಿ ಕತ್ತರಿಸಿ, ಎರಡೂ ಕಡೆ ಅರ್ಧರ್ಧ ಇಂಚು ತೆಗೆದುಹಾಕಿದರೆ 22½ ಇಂಚು ಎತ್ತರದ ಎರಡು ಉದ್ದ ಪಟ್ಟಿ ಸಿಗುತ್ತವೆ. ಎರಡಕ್ಕೂ ಒಂದೊಂದು ಅಂಚು. ಅಡ್ಡ ಗೆರೆಗಳಲ್ಲೂ ಹಾಗೇ ಕತ್ತರಿಸಿ ಅರ್ಧರ್ಧ ಇಂಚು ತೆಗೆದರೆ 19 ಇಂಚು ಅಗಲದ ತುಂಡುಗಳು. ಕೊನೆಯ ಎರಡು ಪದರ ಸೆರಗಿಗೆ ಹೋದವು. ಉಳಿದ 14 ಪದರಕ್ಕೆ ಎರಡೆರಡರ ಹಾಗೆ 28 ತುಂಡು. ಒಂದೊಂದನ್ನೂ ಮತ್ತೆ ಬೆಳಕಿಗೆ ಹಿಡಿದು ವಿಂಗಡಿಸಿದೆ. ಅಂಚೂ ಒಡಲೂ ಗಟ್ಟಿ ಇದ್ದವು 11, ಅದರಲ್ಲಿ ಎಂಟು ಮೇಲಿನ ಅಂಚಿನವು. ಒಡಲು ಗಟ್ಟಿ ಇದ್ದು ಅಂಚು ಹೋದವು 8. ಬಾಕಿ 9 ಉಡುಪಿಗೆ ಬರುವ ಹಾಗಿರಲಿಲ್ಲ.

22 ಇಂಚು ಎತ್ತರ ಸಾಕಾಗುವುದಿಲ್ಲ ಅಲ್ವಾ? ಸ್ಕರ್ಟು 38½ ಬೇಕು. ಮೇಲಿನ 16½ ಇಂಚು ಬೇರೆಯದರಿಂದ ಬರಬೇಕು. ಲಂಗದ ಮೇಲೆ ಅತಿ ಹೆಚ್ಚು ಎಳೆತ ಬೀಳುವುದು ಸೊಂಟ ಮತ್ತು ಹಿಂಬದಿಯಲ್ಲಿ, ಹಾಗಾಗಿ ಮೇಲ್ಭಾಗ ಗಟ್ಟಿ ಬಟ್ಟೆಯದೇ ಆಗಬೇಕು. 'ಮನ್ಯಾಗ ಹಳೇ ಜೀನ್ಸ್ ಅದsನು?' ಅಂತ ಕೇಳಿದೆ. ಎರಡು ತಂದರು. ಒಂದು ಅವರದೇ, ಇನ್ನೊಂದು ಗಂಡನದು.

ಅವರದೇ ಜೀನ್ಸ್ ಬಳಸೋಣ ಅಂತ ಅವರ ಮನಸ್ಸು. ಆದರೆ ಅದು ಸ್ಟ್ರೆಚ್. ಹಿಗ್ಗುವ ಬಟ್ಟೆಗೆ ಹಿಗ್ಗದ ಬಟ್ಟೆ ಜೋಡಿಸಿದರೆ, ಹಾಕಿಕೊಳ್ಳುವಾಗ ಡೆನಿಮ್ ಹಿಗ್ಗುತ್ತದೆ, ಹೊಲಿಗೆ ಪಟಪಟ ಬಿಡುತ್ತದೆ. ಹಿಗ್ಗದ ಹಾಗೆ ಪಟ್ಟಿ ಕೊಟ್ಟು ಹೊಲಿಯಬಹುದು. ಆದರೆ ಆ ಜೀನ್ಸ್ ಎಳೆಯದೆ ಅಳೆದರೆ 40 ಇಂಚು, ಅವರ ಸೊಂಟದ ಕೆಳಗಿನ ಸುತ್ತಳತೆ 42. ಪಟ್ಟಿ ಕೊಟ್ಟರೆ ಕೂರಲಾಗದು. ಗಂಡನದು ಹಳೇ ಕಾಲದ ದಪ್ಪ ಡೆನಿಮ್, ಹಿಗ್ಗುವ ಮಾತೇ ಇಲ್ಲ. ಮೊಣಕಾಲು ಹರಿದಿದೆ, ಮೇಲೆ ಏನೂ ಆಗಿಲ್ಲ. ಸೊಂಟ 36, ಕೆಳಗೆ 43. ಹಿಂದೆ ಎರಡು ಡಾರ್ಟ್ (ಬಟ್ಟೆ ಒಳಗೆ ಮಡಿಸಿ ಹಾಕುವ ಚೂಪು ಹೊಲಿಗೆ) ಹಾಕಿದರೆ ಅವರ 34ರ ಸೊಂಟಕ್ಕೆ ಕೂರುತ್ತದೆ. ಬೆಲ್ಟಿನ ಪಟ್ಟಿ, ಜಿಪ್ಪು, ಗುಂಡಿ, ಮುಂದಿನ ಜೇಬು ಎಲ್ಲ ಸಿದ್ಧ. ಹೊಸದಾಗಿ ಹೊಲಿದರೆ ಅರ್ಧ ಕೂಲಿ ಅದಕ್ಕೇ ಹೋಗುತ್ತದೆ.

ಗಂಡಸರ ಪ್ಯಾಂಟಿನಿಂದ ಹೆಂಗಸರ ಸ್ಕರ್ಟು ಅನ್ನುವುದಕ್ಕೆ ದೊಡ್ಡ ಇತಿಹಾಸವೇ ಇದೆ. ಎರಡನೇ ಮಹಾಯುದ್ಧದಲ್ಲಿ, 1941ರ ಜೂನ್‌ನಿಂದ, ಬ್ರಿಟನ್ನಿನಲ್ಲಿ ಬಟ್ಟೆಗೂ ರೇಷನ್ ಬಂತು. 1949ರವರೆಗೂ ಇತ್ತು. ಯುದ್ಧಕ್ಕೆ ಹೋದ ಗಂಡಸರ ಸೂಟುಗಳು ಕಪಾಟಿನಲ್ಲಿದ್ದವು, ಹೆಂಗಸರು ಅವನ್ನೇ ಬಿಚ್ಚಿ ಸ್ಕರ್ಟು, ಕೋಟು ಮಾಡಿಕೊಂಡರು. 1943ರಲ್ಲಿ ಸರ್ಕಾರವೇ ಹಳೇ ಬಟ್ಟೆ ರಿಪೇರಿ, ಮರುಬಳಕೆಗೆ ಒಂದು ಕಿರುಹೊತ್ತಿಗೆ ಹೊರತಂದಿತು. ಈ ಕಥೆ ಹೇಳಿದ ಮೇಲೆ ಗಿರಾಕಿಗೆ ಗಂಡನ ಜೀನ್ಸಿನ ಬಗ್ಗೆ ಇದ್ದ ಮುಜುಗರ ಸ್ವಲ್ಪ ಕಡಿಮೆಯಾಯಿತು.

ಇಳಕಲ್ಲಿಗೂ ಡೆನಿಮ್ಮಿಗೂ ಚೆನ್ನಾಗಿ ಕಾಣುತ್ತದೆಯೇ? ಕಡುನೀಲಿ ಒಡಲು ಆಗಿದ್ದರಿಂದ ಒಪ್ಪಿತು. ಹಸಿರೋ ದಾಳಿಂಬೆ ಕೆಂಪೋ ಆಗಿದ್ದರೆ ನಾನು ಬೇರೆ ಬಟ್ಟೆ ಹುಡುಕುತ್ತಿದ್ದೆ.

ಕತ್ತರಿಸಿದ್ದು

ಜೀನ್ಸನ್ನು ಸ್ಕರ್ಟು ಮಾಡುವಾಗ ಸಾಮಾನ್ಯವಾಗಿ ಒಳಗಾಲಿನ ಹೊಲಿಗೆ ಬಿಚ್ಚಿ, ನಡುವೆ ತ್ರಿಕೋನದ ತುಂಡು ಕೂರಿಸುತ್ತಾರೆ. ಅದು ಮೊಣಕಾಲಿನ ಸ್ಕರ್ಟಿಗೆ ಸರಿ. ಇಲ್ಲಿ ಬೇಕಿರಲಿಲ್ಲ. ಎರಡು ಕಾಲು ಬೇರೆಯಾಗುವ ಜಾಗಕ್ಕಿಂತ ಮೇಲೆಯೇ, ಸೊಂಟದಿಂದ 9½ ಇಂಚಿಗೆ, ಸುತ್ತ ಮಟ್ಟಸವಾಗಿ ಕತ್ತರಿಸಿದೆ. ಒಂದೇ ಮಾತು ನೆನಪಿಡಬೇಕು. ಮುಂದಿನ ಜೇಬಿನ ಚೀಲ ಆ ಗೆರೆಗಿಂತ ಕೆಳಗೆ ಬಂದಿರುತ್ತದೆ. ಅದನ್ನು ಮೊದಲೇ ಮೇಲಕ್ಕೆ ಮಡಿಸಿ ಪಿನ್ ಹಾಕಬೇಕು, ಇಲ್ಲದಿದ್ದರೆ ಜೇಬೂ ಕತ್ತರಿಗೆ ಸಿಗುತ್ತದೆ. ಹಿಂದಿನ ಜೇಬು ಗೆರೆಗೆ ಅಡ್ಡ ಬಂದದ್ದರಿಂದ ಬಿಚ್ಚಿ ತೆಗೆದೆ. ಜೇಬಿನಡಿ ಮಾಸದ ಗಾಢ ನೀಲಿ ಹಾಗೇ ಉಳಿದಿತ್ತು, ಎರಡು ಚೌಕ. ಅದರ ಮೇಲೆ ಇಳಕಲ್ಲಿನ ತುಂಡು ಹಚ್ಚಲೇ ಅಂದೆ. ಬೇಡ, ಹಾಗೇ ಇರಲಿ ಅಂದರು. ಸರಿಯಾದ ತೀರ್ಮಾನ ಅಂತ ನನಗೂ ಅನಿಸಿತು.

ಸ್ಕರ್ಟಿಗೆ ಮೂರು ಹಂತ: ಮೇಲೆ ಡೆನಿಮ್, ಅದರ ಕೆಳಗೆ ಸೀರೆಯ ಎರಡು ನೆರಿಗೆ ಪಟ್ಟಿ. ನಡುವಿನ ಹಂತಕ್ಕೆ ಅಂಚು ಬೇಕಿಲ್ಲ. ಅಂಚು ಹೋದ ಎಂಟು ತುಂಡಿನಲ್ಲಿ ಎರಡು ತೆಗೆದು, ಒಂದೊಂದರಲ್ಲಿ 8½ ಇಂಚಿನ ಎರಡು ಪಟ್ಟಿಯ ಹಾಗೆ ನಾಲ್ಕು ಪಟ್ಟಿ ಮಾಡಿದೆ. ಜೋಡಿಸಿದಾಗ 72 ಇಂಚು. ಕೆಳಗಿನ ಹಂತಕ್ಕೆ ಅಂಚು ಗಟ್ಟಿ ಇದ್ದ ಆರು ತುಂಡು, ಜೋಡಿಸಿದಾಗ 108 ಇಂಚು. 43ರ ಡೆನಿಮ್ಮಿಗೆ 72, ಅದಕ್ಕೆ 108. ಪ್ರತಿ ಹಂತಕ್ಕೂ ಹೆಚ್ಚೂಕಡಿಮೆ ಒಂದೂವರೆ ಪಟ್ಟು. ಹೊಸ ಬಟ್ಟೆಯಲ್ಲಾಗಿದ್ದರೆ ಎರಡು ಪಟ್ಟು ಕೊಡಬಹುದಿತ್ತು. ಹಳೇ ಬಟ್ಟೆಯಲ್ಲಿ ನೆರಿಗೆ ಜಾಸ್ತಿಯಾದಷ್ಟೂ ತೂಕ ಜಾಸ್ತಿ, ಸೂಜಿ ತೂತು ಜಾಸ್ತಿ. ಒಂದೂವರೆಯಲ್ಲೂ ಘೇರು ಧಾರಾಳ ಬಂತು.

ಸೀರೆಯ ಭಾಗಕ್ಕೆ 11ನೇ ನಂಬರ್ ಸೂಜಿ, ಡೆನಿಮ್ ಸೇರುವ ಕಡೆ 16. ಹೊಲಿಗೆ ಸಣ್ಣದಿದ್ದಷ್ಟೂ ಗಟ್ಟಿ ಅಂತ ನಂಬಿಕೆ ಇದೆ. ಸೊರಗಿದ ಬಟ್ಟೆಯಲ್ಲಿ ಅದು ನಡೆಯದು. ಒತ್ತೊತ್ತಾಗಿ ತೂತು ಬಿದ್ದರೆ ಅದೇ ಹರಿಯುವ ಗೆರೆಯಾಗುತ್ತದೆ. ಸ್ವಲ್ಪ ಉದ್ದದ ಹೊಲಿಗೆ, 3 ಮಿಲಿಮೀಟರಿನ ಹತ್ತಿರ, ಇಟ್ಟುಕೊಂಡೆ. ದಾರ ಹತ್ತಿಯದು. ಪಾಲಿಯೆಸ್ಟರ್ ದಾರ ಬಟ್ಟೆಗಿಂತ ಗಟ್ಟಿ ಇರುತ್ತದೆ, ಎಳೆತ ಬಿದ್ದಾಗ ದಾರ ಉಳಿದು ಬಟ್ಟೆ ಹರಿಯುತ್ತದೆ. ಹತ್ತಿ ದಾರವಾದರೆ ಮೊದಲು ದಾರ ಬಿಡುತ್ತದೆ. ಬಿಟ್ಟ ಹೊಲಿಗೆ ಮತ್ತೆ ಹಾಕಬಹುದು, ಸೀಳಿದ ಸೀರೆಗೆ ಏನು ಮಾಡುವುದು?

ಅಸ್ತರಕ್ಕೆ ಎರಡು ಮರೂನ್ ಒಳಲಂಗ ಬಿಚ್ಚಿ, ಡೆನಿಮ್ಮಿನ ಹೊಲಿಗೆಗೇ ಸೇರಿಸಿ ಒಳಗೆ ಬಿಟ್ಟೆ. ಕೆಳ ಸುತ್ತಳತೆ 70 ಇಂಚು, ಅಂದರೆ ಹೊರಗಿನದಕ್ಕಿಂತ ಬಹಳ ಕಡಿಮೆ. ಇದು ಬೇಕೆಂದೇ ಮಾಡಿದ್ದು. ಬೀಸು ಹೆಜ್ಜೆ ಹಾಕಿದಾಗಲೋ ಬಸ್ಸು ಹತ್ತುವಾಗಲೋ ಮೊದಲು ಬಿಗಿಯುವುದು ಅಸ್ತರ, ಇಳಕಲ್ಲಿಗೆ ಎಳೆತ ಮುಟ್ಟುವುದೇ ಇಲ್ಲ. ಅಂಚು ಮಡಿಸಲಿಲ್ಲ, ನೇಯ್ದ ಅಂಚೇ ಸ್ಕರ್ಟಿನ ಕೊನೆ. ಇಸ್ತ್ರಿ ಹಿಂಬದಿಯಿಂದ, ಮೇಲೊಂದು ಬಟ್ಟೆ ಹಾಕಿ. ಆರ್ಟ್ ಸಿಲ್ಕಿಗೆ ನೇರ ಬಿಸಿ ಇಟ್ಟರೆ ಬೇಡದ ಹೊಳಪು ಬಂದು ಕೂರುತ್ತದೆ, ಮತ್ತೆ ಹೋಗುವುದಿಲ್ಲ.

ಪರಕಾರಕ್ಕೆ ಅಂಚಿನ ಮೂರು ತುಂಡು, 54 ಇಂಚು ಸುತ್ತಳತೆ. 22 ಇಂಚು ಎತ್ತರ ಐದು ವರ್ಷದ ಹುಡುಗಿಗೆ ಸ್ವಲ್ಪ ಗಿಡ್ಡ. ಹಾಗಾಗಿ ಸೊಂಟಕ್ಕೆ ಲಾಡಿ ಕೊಡಲಿಲ್ಲ. ಮೂರನೇ ಒಳಲಂಗದ ಬಟ್ಟೆಯಿಂದ ತೋಳಿಲ್ಲದ ಬಾಡಿ ಹೊಲಿದು, ಅದನ್ನು ಸೊಂಟದಿಂದ ನಾಲ್ಕು ಇಂಚು ಕೆಳಗಿನವರೆಗೆ ಇಳಿಸಿ, ಅಲ್ಲಿಗೆ ನೆರಿಗೆ ಜೋಡಿಸಿದೆ. ಮೇಲೆ ಪೋಲಕಾ ಹಾಕಿದರೆ ಆ ನಾಲ್ಕು ಇಂಚು ಕಾಣುವುದಿಲ್ಲ. ಬಾಡಿಯಲ್ಲೇ ಇನ್ನೂ ಮೂರು ಇಂಚು ಒಳಗೆ ಮಡಿಸಿ ಹೊಲಿದಿಟ್ಟಿದ್ದೇನೆ. ಹುಡುಗಿ ಬೆಳೆದ ಹಾಗೆ ಅದನ್ನು ಬಿಚ್ಚುತ್ತಾ ಹೋದರಾಯಿತು, ಇಳಕಲ್ಲನ್ನು ಮುಟ್ಟುವ ಕೆಲಸವೇ ಇಲ್ಲ. ಮಕ್ಕಳಿಗೆ ಬಾಡಿ ಲಂಗದ ಇನ್ನೊಂದು ಅನುಕೂಲ ಗೊತ್ತಲ್ಲ, ಓಡಾಡಿದರೂ ಜಾರುವುದಿಲ್ಲ. ಭಾರ ಹೆಗಲ ಮೇಲಿರುತ್ತದೆ.

ಕೂಲಿಯ ಮಾತು

ಇಲ್ಲಿ ಸ್ವಲ್ಪ ಬಿಸಿ ಮಾತು ನಡೆಯಿತು. ಹೊರಗಿನಿಂದ ಕೊಂಡದ್ದು ದಾರದ ರೀಲು, ಒಂದು ಟೇಪು, ನಾಲ್ಕು ಹುಕ್ಕು ಅಷ್ಟೇ. 'ಬಟ್ಟಿ ನಮ್ಮದು, ಜಿಪ್ಪು ನಮ್ಮದು, ಮತ್ತ ಇಷ್ಟ್ಯಾಕ?' ಅನ್ನುವುದು ಸಹಜ. ಆದರೆ ಹಳೇ ಬಟ್ಟೆಯ ಕೆಲಸದಲ್ಲಿ ಹೊಲಿಯುವುದು ಕೊನೆಯ ಸಣ್ಣ ಭಾಗ. ಬಿಚ್ಚುವುದು, ಒಗೆಯುವುದು, ಬೆಳಕಿಗೆ ಹಿಡಿದು ನೋಡುವುದು, 28 ತುಂಡನ್ನು ವಿಂಗಡಿಸುವುದು, ಇವೆಲ್ಲ ಹೊಲಿಗೆಗಿಂತ ಜಾಸ್ತಿ ಹೊತ್ತು ತಿನ್ನುತ್ತವೆ. ಹೊಸ ಬಟ್ಟೆ ತಂದುಕೊಟ್ಟರೆ ಇದೇ ಸ್ಕರ್ಟನ್ನು ಅರ್ಧ ಕೂಲಿಗೆ ಹೊಲಿದುಕೊಡುತ್ತೇನೆ, ಅದರಲ್ಲಿ ಸುಳ್ಳಿಲ್ಲ. ದುಡ್ಡು ಉಳಿಸಲು ಮಾತ್ರ ಹಳೇ ಸೀರೆ ಹೊಲಿಸುವುದಾದರೆ ನೀವೇ ಮನೆಯಲ್ಲಿ ಹೊಲಿದುಕೊಳ್ಳುವುದು ಒಳ್ಳೆಯದು. ದರ್ಜಿಗೆ ಕೊಟ್ಟರೆ ಲಾಭ ಇಲ್ಲ. ಈ ಗಿರಾಕಿಗೆ ಅದು ಅಜ್ಜಿಯ ಸೀರೆ ಆಗಿತ್ತು, ಹಾಗಾಗಿ ಕೊನೆಗೆ ಒಪ್ಪಿದರು. ಒಪ್ಪದಿದ್ದರೂ ನನಗೆ ಬೇಸರ ಆಗುತ್ತಿರಲಿಲ್ಲ.

ಆಮೇಲೆ

ಸ್ಕರ್ಟು ದೀಪಾವಳಿಗೆ ಹಾಕಿದರು, ಆಮೇಲೆ ಆಫೀಸಿಗೂ. ಮನೆಯಲ್ಲೇ ಒಗೆಯುತ್ತಾರೆ. ಬಕೆಟ್ಟಿನಲ್ಲಿ ಬೇರೆಯಾಗಿ, ಹಿಂಡದೆ, ಸೊಂಟದ ಪಟ್ಟಿಯಿಂದ ನೇತುಹಾಕದೆ ಹಾಸಿ ಒಣಗಿಸುತ್ತಾರೆ. ನೆಂದ ಡೆನಿಮ್ ಭಾರ, ಅದು ಮೇಲಿದ್ದರೆ ತೊಂದರೆ ಇಲ್ಲ. ನೆಂದ ಅಂಚು ಕೆಳಗೆ ಜೋತಾಡುವುದೇ ಅಪಾಯ.

ಕೆಲವು ತಿಂಗಳ ನಂತರ ಸ್ಕರ್ಟು ರಿಪೇರಿಗೆ ಬಂತು. ಕೆಳಗಿನ ಹಂತದ ಒಂದು ತುಂಡು ನೆರಿಗೆಯ ಕೆಳಗೆ ಬೆರಳುದ್ದ ಸೀಳಿತ್ತು. ನೋಡಿದರೆ ಅದು ಕೆಳ ಅಂಚಿನ ಕಡೆಯಿಂದ ತೆಗೆದ ತುಂಡು. ಮೇಲಿನ ಅಂಚಿನ ತುಂಡುಗಳಿಗೆ ಏನೂ ಆಗಿರಲಿಲ್ಲ. ಅಂಚಿರುವ ಎರಡು ತುಂಡು ಮಿಕ್ಕಿದ್ದನ್ನು ಇದಕ್ಕೆಂದೇ ಇಟ್ಟಿದ್ದೆ. ಎರಡು ಬದಿಯ ಹೊಲಿಗೆ, ಮೇಲಿನ ನೆರಿಗೆಯ ಅಷ್ಟು ಭಾಗ ಬಿಚ್ಚಿ ಒಂದನ್ನು ಬದಲಾಯಿಸಿದೆ. ತುಂಡು ತುಂಡಾಗಿ ಹೊಲಿದ ಸ್ಕರ್ಟಿನ ಅನುಕೂಲ ಇದು, ಒಂದೇ ಬಟ್ಟೆಯ ಅಂಬ್ರೆಲಾ ಆಗಿದ್ದರೆ ಅಲ್ಲಿ ತೇಪೆಯೇ ಗತಿ. ಮಿಕ್ಕ ಇನ್ನೊಂದು ತುಂಡನ್ನು ಅವರ ಕೈಗೇ ಕೊಟ್ಟಿದ್ದೇನೆ.

ಒಡಲಷ್ಟೇ ಗಟ್ಟಿ ಇದ್ದ ಆರು ತುಂಡು, ಉಡುಪಿಗೆ ಬಾರದ ಒಂಬತ್ತು ತುಂಡು, ಜೀನ್ಸಿನ ಕಾಲಿನ ಭಾಗ, ಎಲ್ಲ ಅವರ ಅತ್ತೆ ಇಸಿದುಕೊಂಡರು. ಕೌದಿಗೆ. ಕೌದಿಯಲ್ಲಿ ಜೀನ್ಸ್ ಬೇಡ ಅಂತ ಹೇಳಿ ಕಳಿಸಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳನ್ನು ನೋಡಿದ್ದೇನೆ. ಎಂಥ ಸವೆದ ಬಟ್ಟೆಯೂ ಅದರಲ್ಲಿ ನಡೆಯುತ್ತದೆ, ಯಾಕೆಂದರೆ ಮೇಲಿಂದ ಕೆಳಗಿನವರೆಗೆ ಕೈಹೊಲಿಗೆ ಒತ್ತಾಗಿ ಹಿಡಿದಿರುತ್ತದೆ. ಆದರೆ ಡೆನಿಮ್ಮಿಗೆ ಕೈಸೂಜಿ ಹಾಕುವವರ ಬೆರಳು ಏನಾಗಬೇಕು?

ಇನ್ನು ಮೈಸೂರು ಸಿಲ್ಕ್. ಕೆ.ಎಸ್.ಐ.ಸಿ.ಯದು, ಅಂದರೆ ರಾಜ್ಯ ಸರ್ಕಾರದ ರೇಷ್ಮೆ ನಿಗಮದ್ದು. ಬೆಳಕಿಗೆ ಹಿಡಿದೆ, ಎಲ್ಲೂ ಸೊರಗಿಲ್ಲ. ಜರಿ ಸ್ವಲ್ಪ ಕಂದಿದೆ ಅಷ್ಟೇ, ಬೆಳ್ಳಿ ಇರುವ ಜರಿ ಗಾಳಿಗೆ ಕಂದುತ್ತದೆ. ಮಡಿಕೆಯ ಗೆರೆ ಬೀಳಲು ಈಗಷ್ಟೇ ಶುರುವಾಗಿದೆ. ಅದನ್ನು ನಾನು ಹೊಲಿಯಲಿಲ್ಲ. ಉಡಲು ಬರುವ ಸೀರೆಗೆ ಕತ್ತರಿ ಹಾಕುವುದು ನನ್ನಿಂದಾಗದು ಅಂತ ಹೇಳಿ ವಾಪಸ್ ಕೊಟ್ಟೆ. ಮಡಿಕೆ ಬದಲಾಯಿಸಿ, ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಮೂರು ತಿಂಗಳಿಗೊಮ್ಮೆ ಬಿಡಿಸಿ ಬೇರೆ ಕಡೆ ಮಡಿಸಿ ಅಂದೆ. ಅವರಿಗೆ ಅಷ್ಟು ಸಮಾಧಾನ ಆದ ಹಾಗೆ ಕಾಣಲಿಲ್ಲ. ಬೇರೆ ಯಾರಾದರೂ ಹೊಲಿದುಕೊಟ್ಟಾರು.